ಕಡಲಿಲ್ಲದ ಊರಿಗೆ ಹೆಸರಾದ ಜಲಾಂತರ್ಗಾಮಿ ನಾಯಕ

ಯಾದಗಿರಿಗೆ ಭೀಮೆಯುಂಟು, ಶಹಾಪುರ, ಸುರಪುರಗಳ ಸೀಮೆಗೆ ಕೃಷ್ಣೆಯುಂಟು, ಕಡಲು ಮಾತ್ರ ಮುನ್ನೂರು ಕಿಲೋಮೀಟರಿಗೂ ಆಚೆ. ಆದರೂ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದ ಹಿರಿಯರು ಪ್ರವಾಹದ ಬಲವನ್ನು ಬಲ್ಲರು. ಅಂತಹ ಪ್ರವಾಹಕ್ಕೆದುರಾಗಿ ನೀರಿನ ಒಡಲಲ್ಲೇ ಸಾಗಿದವನ ವೃತ್ತಾಂತವು ವಿದ್ಯಾರ್ಥಿಗಳು ಅರಿಯತಕ್ಕದ್ದಾಗಿದೆ.

ನಾರ್ಮನ್ ಡಗ್ಲಸ್ ಹಾಲ್‌ಬ್ರೂಕ್ 1888ರಲ್ಲಿ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಜನಿಸಿದನು. ಆತನು ನೌಕಾಪಡೆಯನ್ನು ಸೇರಿದಾಗ ಜಲಾಂತರ್ಗಾಮಿಯು ಇನ್ನೂ ಹೊಸ ಸಾಧನವಾಗಿತ್ತು. ತೊಟ್ಟಿಗಳಿಗೆ ನೀರು ತುಂಬಿಸಿದರೆ ಅದು ಮುಳುಗುತ್ತದೆ. ಒತ್ತಿದ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಆತನ ಬಿ-11 ಎಂಬ ನೌಕೆಯ ಪೆಟ್ರೋಲ್ ಯಂತ್ರಕ್ಕೆ ಗಾಳಿ ಬೇಕಾದ್ದರಿಂದ ಅದು ನೀರಿನ ಮೇಲೆ ಮಾತ್ರ ನಡೆಯುತ್ತಿತ್ತು. ಮುಳುಗಿದ ಮೇಲೆ ಬ್ಯಾಟರಿಯೊಂದೇ ಗತಿ. 1906ರಲ್ಲಿ ತಯಾರಾದ ಈ ನೌಕೆಯು 1914ರ ವೇಳೆಗೆ ಹಳೆಯದಾಗಿತ್ತು. ಬ್ಯಾಟರಿಯನ್ನು ಆಗತಾನೆ ಬದಲಿಸಲಾಗಿದ್ದುದರಿಂದಲೇ ಡಾರ್ಡನೆಲ್ಸ್ ಜಲಸಂಧಿಯನ್ನು ಹೊಗುವ ಕೆಲಸ ಇದರ ಪಾಲಿಗೆ ಬಂದಿತು.

ಆ ಜಲಸಂಧಿಯಲ್ಲಿ ಎರಡು ಪ್ರವಾಹಗಳಿವೆ. ಕಪ್ಪು ಸಮುದ್ರದಿಂದ ಬರುವ, ಉಪ್ಪು ಕಡಿಮೆಯಾದ ಹಗುರ ನೀರು ಮೇಲೆ ಒಂದು ದಿಕ್ಕಿಗೆ ಹರಿದರೆ, ಉಪ್ಪು ಹೆಚ್ಚಾದ ಭಾರದ ನೀರು ಕೆಳಗೆ ಎದುರು ದಿಕ್ಕಿಗೆ ಹರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಇಳಿಯುವಾಗ ನೌಕೆಯ ಸಮತೋಲವೇ ಕೆಡುತ್ತದೆ. ಸಾಲದುದಕ್ಕೆ, ಐದು ಸಾಲು ಮೈನುಗಳೆಂಬ ಸಿಡಿಗುಂಡುಗಳನ್ನು ತುರ್ಕರು ಅಲ್ಲಿ ನೀರೊಳಗೆ ತೂಗಿಬಿಟ್ಟಿದ್ದರು. 1914ರ ಡಿಸೆಂಬರ್ 13ರಂದು ಹಾಲ್‌ಬ್ರೂಕ್ ಅವುಗಳ ಅಡಿಯಲ್ಲಿ ನುಸುಳಿಹೋಗಿ ಮೆಸುದಿಯೆ ಎಂಬ ಯುದ್ಧನೌಕೆಯನ್ನು ಟಾರ್ಪೆಡೊದಿಂದ ಮುಳುಗಿಸಿದನು. ಹಿಂದಿರುಗುವಾಗ ದಿಕ್ಸೂಚಿಯ ಗಾಜು ಮಂಜುಗಟ್ಟಿ ಏನೂ ಕಾಣದಾಯಿತು. ನೌಕೆಯು ದಿಬ್ಬಕ್ಕೆ ತಗಲಿ ಮೇಲೆದ್ದಿತು. ದಡದ ಫಿರಂಗಿಗಳು ಗರ್ಜಿಸಿದವು. ಪೆರಿಸ್ಕೋಪಿನಲ್ಲಿ ಕಂಡ ದಡವನ್ನೇ ಗುರುತಾಗಿಟ್ಟುಕೊಂಡು ಆತನು ನೌಕೆಯನ್ನು ಹೊರಗೆ ತಂದನು. ಆ ಸಾಹಸದಲ್ಲಿ ಒಂದು ಸಲ ಒಂಬತ್ತು ತಾಸು ನೀರೊಳಗೇ ಇರಬೇಕಾಯಿತು.

ಮೆಸುದಿಯೆ 1874ರಲ್ಲಿ ನೀರಿಗಿಳಿದ ಮುದಿ ಹಡಗು. ಅದು ಮುಳುಗಿದ್ದರಿಂದ ಯುದ್ಧದ ಗತಿಯೇನೂ ಬದಲಾಗಲಿಲ್ಲ. ಅದರ ಫಿರಂಗಿಗಳನ್ನು ತುರ್ಕರು ಮೇಲೆತ್ತಿ ದಡದ ಮೇಲೆ ಹೂಡಿದರು. ಸತ್ತ ತುರ್ಕ ನಾವಿಕರು 37 ಮಂದಿ, ಇದನ್ನೂ ಮರೆಯಲಾಗದು. ಇಂಗ್ಲೆಂಡು ಆಗ ಗೆಲುವಿನ ಸುದ್ದಿಗಾಗಿ ಹಂಬಲಿಸುತ್ತಿದ್ದಿತು. ಹಾಲ್‌ಬ್ರೂಕ್‌ನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಜಲಾಂತರ್ಗಾಮಿಗಳವರಲ್ಲಿ ಆ ಪದಕ ಪಡೆದವರಲ್ಲಿ ಆತನೇ ಮೊದಲಿಗ. ಮುಂದೆ ಇತರ ಜಲಾಂತರ್ಗಾಮಿಗಳನ್ನೂ ನಡೆಸಿ 1920ರಲ್ಲಿ ನಿವೃತ್ತನಾದನು.

ಸುರಪುರದ ಟೇಲರ್ ಮಂಜಿಲಿಗೆ ಪರದೇಶಿಯ ಹೆಸರು ಬಂದುದು ಮೆಡೋಸ್ ಟೇಲರ್ ಅಲ್ಲಿ ಬಾಳಿದ್ದರಿಂದ. ಹಾಲ್‌ಬ್ರೂಕ್‌ನ ಹೆಸರಾದರೋ ಆತನು ಕಂಡೇ ಇರದ ಊರಿಗೆ ಹೋಯಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಒಳನಾಡಿನಲ್ಲಿ ಜರ್ಮಂಟನ್ ಎಂಬ ಊರಿತ್ತು. ಯುದ್ಧಕಾಲದಲ್ಲಿ ಶತ್ರುದೇಶದ ನೆನಪು ತರುವ ಹೆಸರು ಬೇಡವಾಗಿ, 1915ರ ಆಗಸ್ಟ್‌ನಲ್ಲಿ ಅದು ಹಾಲ್‌ಬ್ರೂಕ್ ಆಯಿತು. ನೆಲೆಸಿದ್ದ ಜರ್ಮನ್ ಮೂಲದವರ ಗುರುತು ಹೀಗೆ ಅಳಿಸಿಹೋದುದು ವಿಷಾದಕರವೇ ಸರಿ.

ಊರವರು ಹೆಸರನ್ನು ಹಗುರವಾಗಿ ಕಾಣಲಿಲ್ಲ. ಹಾಲ್‌ಬ್ರೂಕ್ ವೃದ್ಧಾಪ್ಯದಲ್ಲಿ ಅಲ್ಲಿಗೆ ಹೋಗಿಬಂದನು, 1976ರಲ್ಲಿ ತೀರಿಕೊಂಡನು. ಆತನ ಎರಡನೆಯ ಪತ್ನಿ ಗುಂಡುಲಾ, ಮೊದಲ ಮಹಾಯುದ್ಧದಲ್ಲಿ ಶತ್ರುದೇಶವೆನಿಸಿದ್ದ ಆಸ್ಟ್ರಿಯದವಳು. ಪತಿಯ ಪದಕವನ್ನು ಆಕೆ ಆ ಊರಿಗೇ ಕೊಟ್ಟಳು. ಸೇವೆಯಿಂದ ನಿವೃತ್ತವಾದ ಆಟ್‌ವೇ ಎಂಬ ಜಲಾಂತರ್ಗಾಮಿಯ ಮೇಲ್ಭಾಗವನ್ನು ಅಲ್ಲಿಗೆ ತರಲು ಒಂದು ಲಕ್ಷ ಡಾಲರ್ ನೀಡಿದಳು. 1997ರಿಂದ ಆ ನೌಕೆಯು, ಕಡಲಿಗೆ ಬಲು ದೂರದಲ್ಲಿ, ಹುಲ್ಲುಹಾಸಿನ ಮೇಲೆ ನಿಂತಿದೆ.