ಬೆಳಗಿನ ಚಳಿಗೆ ಹೊಸ ಕಾರು ಜರ್ಕ್ ಹೊಡೆಯೋದು ಯಾಕೆ?

ಇವತ್ತಿನ ಮಾತು ಗೇರ್‌ಬಾಕ್ಸ್ ಬಗ್ಗೆ. ನಾನು ಮೆಕ್ಯಾನಿಕ್ ಅಲ್ಲ, ಸಾಫ್ಟ್‌ವೇರ್‌ನವನು. ಆದರೆ ಕಳೆದ ಚಳಿಗಾಲ ನನ್ನ ಕಾರೇ ನನಗೆ ಈ ಪಾಠ ಕಲಿಸಿತು.

ನಾವಿರೋದು ದೆಹಲಿಯ ದ್ವಾರಕಾದಲ್ಲಿ. ಡಿಸೆಂಬರ್‌ನಲ್ಲಿ ಹೊಸ ಆಟೊಮ್ಯಾಟಿಕ್ ಕಾರು ತಗೊಂಡ್ವಿ. ಜನವರಿಯ ಒಂದು ಬೆಳಿಗ್ಗೆ, ಹೊರಗೆ 6 ಡಿಗ್ರಿ. ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದ್ದೇ ತಡ, 'ಧಡ್' ಅಂತ ಒಂದು ಏಟು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ನೂಕಿದ ಹಾಗೆ. ಬೆನ್ನುನೋವಿಗೆ ಫಿಸಿಯೋಥೆರಪಿಗೆ ಹೊರಟಿದ್ದ ಅಮ್ಮ, "ಇದಕ್ಕಿಂತ ಹಳೇ ಕಾರೇ ವಾಸಿಯಿತ್ತಲ್ಲೋ" ಅಂದರು. ಹದಿನೈದು ನಿಮಿಷ ಓಡಿದ ಮೇಲೆ ಜರ್ಕ್ ಮಾಯ.

ಸರ್ವಿಸ್ ಸೆಂಟರ್‌ಗೆ ಹೋಗಿ ಮುಟ್ಟುವಷ್ಟರಲ್ಲಿ ಕಾರು ಬಿಸಿಯಾಗಿತ್ತು. ಅವರು ಒಂದು ಸುತ್ತು ಓಡಿಸಿ, "ಹೊಸ ಗಾಡಿ ಸರ್, ಸೆಟ್ ಆಗುತ್ತೆ" ಅಂತ ಕಳಿಸಿಬಿಟ್ಟರು. ನಮ್ಮ ಆಫೀಸಿನಲ್ಲೂ ಹೀಗೇ ಅಲ್ವಾ? ಬಗ್ ಕಣ್ಣಿಗೆ ಬೀಳದಿದ್ದರೆ ಟಿಕೆಟ್ ಕ್ಲೋಸ್.

ಒಳಗೆ ಆಗೋದೇನು ಅಂತ ನೋಡೋಣ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಗೇರ್ ಬದಲಿಸೋದು ಆಯಿಲ್‌ನ ಒತ್ತಡ. ಸಣ್ಣ ಸಣ್ಣ ದಾರಿಗಳಲ್ಲಿ ಆಯಿಲ್ ಹರಿದು ಕ್ಲಚ್‌ಗಳನ್ನು ಒತ್ತಬೇಕು. ಚಳಿಗೆ ಆಯಿಲ್ ಗಟ್ಟಿಯಾಗುತ್ತೆ, ಕ್ಲಚ್ ಹಿಡಿಯುವ ಹೊತ್ತು ಏರುಪೇರಾಗುತ್ತೆ. ಒಂದು ಕ್ಲಚ್ ಬಿಡೋದು, ಇನ್ನೊಂದು ಹಿಡಿಯೋದು ತಾಳ ತಪ್ಪಿದರೆ ಅದೇ ಜರ್ಕ್.

ಎರಡನೇ ಕಾರಣ ಎಂಜಿನ್. ತಣ್ಣಗಿರುವ ಎಂಜಿನ್ ತಾನೂ ಬೇಗ ಬಿಸಿಯಾಗಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಬಿಸಿಯಾಗಲಿ ಅಂತ ಜೋರಾಗಿ ತಿರುಗುತ್ತೆ. ನನ್ನ ಕಾರಿನಲ್ಲಿ ಬಿಸಿಯಾದ ಮೇಲೆ 700ರ ಸುತ್ತ ಇರುವ ಆರ್‌ಪಿಎಂ ಬೆಳಿಗ್ಗೆ 1,200 ದಾಟುತ್ತಿತ್ತು. ಆಗಲೇ ಡ್ರೈವ್‌ಗೆ ಹಾಕಿದರೆ ಏಟು ಬೀಳದೆ ಇನ್ನೇನು?

ಮೂರನೆಯದು ನಮ್ಮ ಸಾಫ್ಟ್‌ವೇರ್! ಹೊಸ ಗೇರ್‌ಬಾಕ್ಸ್‌ನ ಕಂಪ್ಯೂಟರ್ ತನ್ನ ಕ್ಲಚ್‌ಗಳಿಗೆ ಎಷ್ಟು ಒತ್ತಡ ಬೇಕು ಅಂತ ಓಡುತ್ತಾ ಓಡುತ್ತಾ ಕಲಿಯುತ್ತೆ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಈ ಕಲಿಕೆ ನಡೆಯೋದು ಆಯಿಲ್ ಬಿಸಿಯಾದ ಮೇಲೇ. ಬರೀ ಎರಡು ಮೂರು ಕಿ.ಮೀ. ಓಡಾಟವಾದರೆ ಕಲಿಯಲು ಅವಕಾಶವೇ ಸಿಗಲ್ಲ.

ಮ್ಯಾನುವಲ್ ಕಾರಿನವರಿಗೂ ಒಂದು ಮಾತು. ಬೆಳಿಗ್ಗೆ ಎರಡನೇ ಗೇರ್ ಬಿಗಿ ಅನ್ನಿಸಿದರೆ, ಗಟ್ಟಿ ಆಯಿಲ್‌ನಿಂದ ಸಿಂಕ್ರೊನೈಸರ್‌ಗೆ ವೇಗ ಹೊಂದಿಸೋದು ಕಷ್ಟವಾಗಿರುತ್ತೆ. ಬಲವಂತ ಮಾಡಬೇಡಿ, ನಿಧಾನಕ್ಕೆ ಹಾಕಿ.

ಹಾಗಾದರೆ ಏನು ಮಾಡಬೇಕು? ಸ್ಟಾರ್ಟ್ ಮಾಡಿ ಅರ್ಧ, ಒಂದು ನಿಮಿಷ ಕಾಯಿರಿ, ಆರ್‌ಪಿಎಂ ಇಳಿಯಲಿ. ಬ್ರೇಕ್ ಪೂರ್ತಿ ಒತ್ತಿ ಗೇರ್ ಹಾಕಿ. ರಿವರ್ಸ್‌ನಿಂದ ಡ್ರೈವ್‌ಗೆ ಬರುವಾಗ ಕಾರು ಪೂರ್ತಿ ನಿಲ್ಲಬೇಕು. ಮೊದಲ ಕೆಲವು ಕಿ.ಮೀ. ಮೆಲ್ಲಗೆ ಓಡಿಸಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಗೇರ್‌ಬಾಕ್ಸ್ ಅಷ್ಟೇನೂ ಬಿಸಿಯಾಗಲ್ಲ. ಮುಚ್ಚಿದ ಗ್ಯಾರೇಜ್‌ನಲ್ಲಂತೂ ಬೇಡವೇ ಬೇಡ, ಆ ಹೊಗೆ ಪ್ರಾಣಕ್ಕೇ ಅಪಾಯ.

ಮೊದಲ ಕೆಲವು ನಿಮಿಷ ಗೇರ್ ತಡವಾಗಿ ಏರೋದು, ಸ್ವಲ್ಪ ಒರಟು ಅನ್ನಿಸೋದು ಸಹಜ. ಆದರೆ ಬಿಸಿಯಾದ ಮೇಲೂ ಜರ್ಕ್ ಇದ್ದರೆ, ಆರ್‌ಪಿಎಂ ಏರಿದರೂ ಕಾರು ಮುಂದೆ ಹೋಗದಿದ್ದರೆ, ಡ್ರೈವ್‌ಗೆ ಹಾಕಿ ಕೆಲವು ಸೆಕೆಂಡ್ ಏನೂ ಆಗದಿದ್ದರೆ, ಆಯಿಲ್ ಸೋರಿದರೆ, ವಾರ್ನಿಂಗ್ ಲೈಟ್ ಬಂದರೆ "ಸೆಟ್ ಆಗುತ್ತೆ" ಅನ್ನುವ ಮಾತು ಒಪ್ಪಬೇಡಿ. ಚಳಿಯ ಜರ್ಕ್ ದಿನದಿನಕ್ಕೆ ಜೋರಾದರೂ ಅಷ್ಟೇ.

ನಾನು ಮಾಡಿದ್ದು ಇಷ್ಟೇ. ನಾಲ್ಕು ದಿನ ಬೆಳಿಗ್ಗೆ ಹೊರಗಿನ ಚಳಿ, ಎಷ್ಟನೇ ಗೇರ್, ಎಷ್ಟು ಕಿ.ಮೀ. ಆದಮೇಲೆ ಸರಿಹೋಯ್ತು ಅಂತ ಬರೆದಿಟ್ಟೆ. ಪಕ್ಕದಲ್ಲಿ ಕೂತ ಹೆಂಡತಿ ಮೀಟರ್ ವಿಡಿಯೊ ಮಾಡಿದಳು. ಸಂಜೆ ಕಾರನ್ನು ಸರ್ವಿಸ್ ಸೆಂಟರ್‌ನಲ್ಲೇ ಬಿಟ್ಟು, "ನಾಳೆ ಬೆಳಿಗ್ಗೆ ನಾನು ಬಂದ ಮೇಲೇ ಸ್ಟಾರ್ಟ್ ಮಾಡಿ" ಅಂದೆ. ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿದೆ. ವಾರಂಟಿ ಮುಗಿದ ಮೇಲೆ ಅದೇ ತೊಂದರೆ ಮರುಕಳಿಸಿದರೆ ನಮ್ಮ ಕೈಲಿರುವ ಸಾಕ್ಷಿ ಆ ಕಾಗದವೇ.

ಬೆಳಿಗ್ಗೆ ಟೆಕ್ನೀಷಿಯನ್ ತಾನೇ ಓಡಿಸಿದ. ಮೂರನೇ ಗೇರಿಗೆ ಏಟು ಬಿದ್ದಾಗ ನನ್ನ ಮುಖ ನೋಡಿ ನಕ್ಕ. ಆಯಿಲ್ ಮಟ್ಟ ನೋಡಿದರು, ಗೇರ್‌ಬಾಕ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಕಲಿಕೆಯನ್ನು ಹೊಸದಾಗಿ ಶುರು ಮಾಡಿಸಿದರು. ಈಗಲೂ ಚಳಿಯಲ್ಲಿ ಮೊದಲ ಎರಡು ಕಿ.ಮೀ. ಗೇರ್ ತಡವಾಗಿ ಏರುತ್ತೆ. ಏಟು ಮಾತ್ರ ಇಲ್ಲ. ಅಮ್ಮ ಹಳೇ ಕಾರಿನ ಮಾತೆತ್ತೋದು ಬಿಟ್ಟಿದ್ದಾರೆ.

ಮುಂದಿನ ವಾರ ಸಿಗೋಣ.