ಖಡ್ಗಕ್ಕೂ ಬೇಕಾದ ಒಪ್ಪಿಗೆ

ಪ್ರಜಾಪ್ರಭುತ್ವವು ಸೋತು ನೆಲಕಚ್ಚಿದ ಮೇಲೆಯೇ ಸೇನೆಯು ಬ್ಯಾರಕ್ಕುಗಳನ್ನು ಬಿಟ್ಟು ಹೊರಬರುವುದೆಂಬ ಮಾತು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಅದನ್ನು ಪರೀಕ್ಷಿಸಿ ನೋಡುವ ಶ್ರಮವನ್ನು ಯಾರೂ ವಹಿಸುವುದಿಲ್ಲ. ನಿದರ್ಶನವಾಗಿ ಎಲ್ಲರೂ ಎತ್ತಿ ತೋರುವ ನೆರೆಯ ಪಾಕಿಸ್ತಾನದ ಚರಿತ್ರೆಯಾದರೋ ಈ ನಂಬಿಕೆಗೆ ಪ್ರತಿಕೂಲವಾದ ಸಾಕ್ಷ್ಯವನ್ನೇ ನುಡಿಯುತ್ತದೆ.

ಹನ್ನೊಂದು ವರ್ಷಗಳಲ್ಲಿ ಏಳು ಮಂದಿ ಪ್ರಧಾನಿಗಳನ್ನು ಕಂಡ ಅಲ್ಲಿಯ ಜನ ರಾಜಕಾರಣಿಗಳ ವಿಷಯದಲ್ಲಿ ಜುಗುಪ್ಸೆಗೊಂಡಿದ್ದರೆಂಬುದು ದಿಟ. ಆದರೆ 1958ರ ಅಕ್ಟೋಬರ್ 7ರ ರಾತ್ರಿ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅವರು, ಮೂರು ವರ್ಷವೂ ತುಂಬದ ಸಂವಿಧಾನವನ್ನು ರದ್ದುಪಡಿಸಿ ಸೇನಾಪತಿ ಅಯೂಬ್ ಖಾನರ ಕೈಗೆ ಸೈನಿಕಾಡಳಿತವನ್ನು ಒಪ್ಪಿಸಿದಾಗ, ರಾಷ್ಟ್ರವ್ಯಾಪಿಯಾದ ಸಾರ್ವತ್ರಿಕ ಚುನಾವಣೆಯೊಂದು ಆ ದೇಶದಲ್ಲಿ ಅದುವರೆಗೆ ನಡೆದೇ ಇರಲಿಲ್ಲ. ಮೊದಲನೆಯದು ಮರುವರ್ಷದ ಆರಂಭದಲ್ಲಿ ನಡೆಯಬೇಕಾಗಿದ್ದಿತು. ಪರೀಕ್ಷೆಗೆ ಕೂರಗೊಡದೆಯೇ ವಿದ್ಯಾರ್ಥಿಯನ್ನು ಅನುತ್ತೀರ್ಣನೆಂದು ಸಾರಿದಂತಾಯಿತು ಇದು.

ನ್ಯಾಯಾಲಯದ ಮುದ್ರೆ ಬಿದ್ದರೆ ಅಧಿಕಾರವು ನ್ಯಾಯಸಮ್ಮತವಾಗುವುದೆಂಬುದು ಇನ್ನೊಂದು ಭ್ರಮೆ. ಅದೇ ಅಕ್ಟೋಬರ್ 27ರಂದು ಮುಖ್ಯ ನ್ಯಾಯಮೂರ್ತಿ ಮಹಮ್ಮದ್ ಮುನೀರರು, ದೋಸೋ ಪ್ರಕರಣದ ತೀರ್ಪಿನಲ್ಲಿ, ಹಾನ್ಸ್ ಕೆಲ್ಸೆನ್ ಎಂಬ ಪಂಡಿತನ ಸಿದ್ಧಾಂತವನ್ನು ಆಶ್ರಯಿಸಿ, ಸಫಲವಾದ ಕ್ರಾಂತಿಯು ತಾನೇ ಶಾಸನವನ್ನು ಸೃಜಿಸುತ್ತದೆಂದು ಎತ್ತಿಹಿಡಿದರು. ಅಂದಿನ ರಾತ್ರಿಯೇ ಅಯೂಬರ ಸೇನಾನಿಗಳು ಮಿರ್ಜಾ ಅವರಿಂದ ರಾಜೀನಾಮೆ ಬರೆಸಿಕೊಂಡರು. ಕ್ರಾಂತಿಯ ಕರ್ತೃವೇ ಹೀಗೆ ಪದಚ್ಯುತನಾಗಿ ಲಂಡನ್ನಿನ ದಾರಿ ಹಿಡಿಯಬೇಕಾಯಿತು. ಸಾಫಲ್ಯವೊಂದೇ ಪ್ರಮಾಣವಾದಲ್ಲಿ ಹೊಸಬನ ಸಾಫಲ್ಯವನ್ನು ಅಲ್ಲಗಳೆಯುವ ಬಗೆ ಯಾವುದು?

ಖಡ್ಗವಿದ್ದವನಿಗೆ ಜನಸಮ್ಮತಿಯ ಹಂಗಿಲ್ಲವೆಂಬ ಮಾತೂ ಅಷ್ಟೇ ಪೊಳ್ಳು. ಹಂಗಿಲ್ಲದಿದ್ದರೆ ಅಯೂಬರು ಎಂಬತ್ತು ಸಾವಿರ ಮಂದಿ ಸ್ಥಳೀಯ ಪ್ರತಿನಿಧಿಗಳನ್ನು ಆರಿಸಿಸಿ, 1960ರಲ್ಲಿ ಅವರಿಂದ ವಿಶ್ವಾಸಮತವನ್ನೇಕೆ ಯಾಚಿಸುತ್ತಿದ್ದರು? 1977ರಲ್ಲಿ ತೊಂಬತ್ತು ದಿನಗಳೊಳಗೆ ಚುನಾವಣೆಯೆಂದು ವಚನವಿತ್ತು ಹನ್ನೊಂದು ವರ್ಷ ಆಳಿದ ಜಿಯಾ ಉಲ್ ಹಕ್‌ರಂತೂ, ಶಾಸನಗಳನ್ನು ಇಸ್ಲಾಮಿಗೆ ಅನುಗುಣಗೊಳಿಸುವುದು ಸಮ್ಮತವೇ ಎಂದು 1984ರಲ್ಲಿ ಪ್ರಜೆಗಳನ್ನು ಕೇಳಿ, 'ಹೌದು' ಎಂಬ ಉತ್ತರಕ್ಕೆ ತಾವು ಇನ್ನೈದು ವರ್ಷ ಅಧ್ಯಕ್ಷರಾಗಿರಬೇಕೆಂಬ ಅರ್ಥವನ್ನು ಹಚ್ಚಿದರು. ಧರ್ಮಶ್ರದ್ಧೆಯುಳ್ಳ ಮತದಾರನು 'ಇಲ್ಲ' ಎನ್ನುವುದಾದರೂ ಹೇಗೆ! ತಮ್ಮ ಬಲವೊಂದೇ ಸಾಲದೆಂಬುದನ್ನು ಬಲಾತ್ಕಾರದಿಂದ ಬಂದವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರೆಂದು ನನಗೆ ತೋರುತ್ತದೆ.

ದೋಸೋ ತೀರ್ಪನ್ನು ಪಾಕಿಸ್ತಾನದ ಸರ್ವೋಚ್ಚ ನ್ಯಾಯಾಲಯವು ಅಸ್ಮಾ ಜೀಲಾನಿ ಪ್ರಕರಣದಲ್ಲಿ ತಳ್ಳಿಹಾಕಿ, ಅಯೂಬರ ತರುವಾಯ ಗದ್ದುಗೆಯೇರಿದ ಯಾಹ್ಯಾ ಖಾನರನ್ನು ಅಧಿಕಾರಾಪಹಾರಿಯೆಂದು ಕರೆದುದು 1972ರಲ್ಲಿ. ಆ ವೇಳೆಗೆ ಅವರು ಅಧಿಕಾರವನ್ನು ಕಳೆದುಕೊಂಡು ತಿಂಗಳುಗಳೇ ಸಂದಿದ್ದುವು.