ಹತ್ತು ರಾತ್ರಿ, ಮೂರು ಊರು

ಪ್ರವಾಸ ಕಂಪನಿಯವರು ಕೊಟ್ಟ ಹೊಳಪು ಕಾಗದದಲ್ಲಿ ಎಂಟು ದಿನಕ್ಕೆ ಏಳು ಊರುಗಳಿದ್ದವು. ಟೋಕಿಯೊ, ಹಕೋನೆ, ನಗೋಯಾ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ. ಎಲ್ಲದರ ಪಕ್ಕದಲ್ಲೂ ಒಂದೊಂದು ಬಣ್ಣದ ಚಿತ್ರ. ಜಪಾನಿಗೆ ಹೋಗಬೇಕೆಂದಿರುವುದು ನಾನು ಮತ್ತು ನನ್ನಾಕೆ, ಇಬ್ಬರೇ. ಇಬ್ಬರ ವಯಸ್ಸು ಕೂಡಿಸಿದರೆ ನೂರಮೂವತ್ತೇಳು. ಅವಳ ಬಲಮೊಣಕಾಲಿಗೆ ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆ, ಎಡಗಾಲಿನದು ಸರದಿಯಲ್ಲಿದೆ. "ಹೋಗುವುದಿದ್ದರೆ ಈ ವರ್ಷವೇ ಹೋಗಿ ಬನ್ನಿ, ಮೆಟ್ಟಿಲು ಮಾತ್ರ ಕಡಿಮೆ ಇರಲಿ" ಎಂದು ಡಾಕ್ಟರು ಹೇಳಿದ್ದಾರೆ. ದುಡ್ಡಿಗೆ ಒಂದು ಎಫ್‌ಡಿ ಇದೆ, ಅದು ಮುಗಿಯುತ್ತಿದೆ. ಇನ್ನೊಂದನ್ನು ಮುಟ್ಟಕೂಡದು ಎಂದು ಮನೆಯಾಕೆಯ ಅಪ್ಪಣೆ.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು. ವೇಳಾಪಟ್ಟಿ ಕಂಡರೆ ಬಿಡುವ ಜಾಯಮಾನ ನನ್ನದಲ್ಲ. ಎಂಟನೇ ತರಗತಿಯ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಾಗದದ ಲೆಕ್ಕ ಬಿಡಿಸಿದೆ. ಒಂದು ಊರು ಬಿಡುವುದೆಂದರೆ ಪೆಟ್ಟಿಗೆ ಕಟ್ಟಬೇಕು, ಹೋಟೆಲಿನ ಲೆಕ್ಕ ಚುಕ್ತಾ ಮಾಡಬೇಕು, ನಿಲ್ದಾಣ ಸೇರಬೇಕು, ರೈಲು ಹಿಡಿಯಬೇಕು, ಹೊಸ ಊರಿನಲ್ಲಿ ದಾರಿ ಹುಡುಕಬೇಕು. ಅಲ್ಲಿಯ ಬಹಳಷ್ಟು ಹೋಟೆಲುಗಳಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಮೂರರ ಮೇಲೆಯೇ. ನಮ್ಮ ವಯಸ್ಸಿನವರಿಗೆ ಒಂದೊಂದು ಬದಲಾವಣೆಗೆ ಐದು ಗಂಟೆ ಹಿಡಿಯಿರಿ. ಏಳು ಊರಿಗೆ ಆರು ಬದಲಾವಣೆ, ಮೂವತ್ತು ಗಂಟೆ. ದಿನಕ್ಕೆ ಹದಿನಾಲ್ಕು ಗಂಟೆ ಎಚ್ಚರವಿರುತ್ತೇವೆ ಎಂದುಕೊಂಡರೆ, ಎಂಟು ದಿನದಲ್ಲಿ ಎರಡು ದಿನಕ್ಕೂ ಹೆಚ್ಚು ಹೊತ್ತು ಪೆಟ್ಟಿಗೆ ಎಳೆಯುವುದಕ್ಕೇ ಹೋಯಿತು!

"ತಾತ, ಹಾಗಾದ್ರೆ ಊರುಗಳನ್ನ ಆಮೇಲೆ ಬರೆಯೋಣ. ಮೊದಲು ಯಾಕೆ ಹೋಗ್ಬೇಕು ಅಂತ ಬರೆಯೋಣ" ಎಂದಳು ಮೊಮ್ಮಗಳು. ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಎರಡು ಅಂಕಣ ಮಾಡಿದಳು. ಎಡಕ್ಕೆ ಕಾರಣ, ಬಲಕ್ಕೆ ಊರು. ಕಾರಣ ಹೇಳಲಾಗದ ಊರು ಪಟ್ಟಿಯಿಂದ ಹೊರಗೆ.

ನನ್ನಾಕೆಯ ಅಂಕಣ ಒಂದೇ ನಿಮಿಷದಲ್ಲಿ ತುಂಬಿತು. ಅವಳು ಬರೆಸಿದ್ದು ಒಂದೇ ಹೆಸರು: ಸಡಾಕೊ. ಅವಳು ಸರ್ಕಾರಿ ಶಾಲೆಯ ಮೇಷ್ಟರಾಗಿದ್ದವಳು. ಪ್ರತಿ ವರ್ಷ ಆಗಸ್ಟ್ ಆರರಂದು ಮಕ್ಕಳಿಗೆ ಈ ಕಥೆ ಹೇಳುತ್ತಿದ್ದಳು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಸಡಾಕೊ ಸಸಾಕಿ ಎರಡು ವರ್ಷದ ಕೂಸು. ಆಗ ಗಾಯವಿಲ್ಲದೆ ಉಳಿದಳು. ಶಾಲೆಯಲ್ಲಿ ಓಟದಲ್ಲಿ ಮುಂದಿದ್ದ ಹುಡುಗಿಗೆ ಹತ್ತು ವರ್ಷದ ನಂತರ ರಕ್ತದ ಕ್ಯಾನ್ಸರ್ ಕಾಣಿಸಿತು. ಸಾವಿರ ಕಾಗದದ ಕೊಕ್ಕರೆ ಮಡಿಸಿದರೆ ಕೋರಿಕೆ ಈಡೇರುತ್ತದೆ ಎಂಬ ನಂಬಿಕೆ ಅಲ್ಲಿಯದು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಔಷಧದ ಪೊಟ್ಟಣದ ಕಾಗದದಲ್ಲೂ ಅವಳು ಕೊಕ್ಕರೆ ಮಡಿಸಿದಳು. 1955ರ ಅಕ್ಟೋಬರ್ 25ರಂದು, ಹನ್ನೆರಡನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಸಹಪಾಠಿಗಳು ದೇಶದ ಮಕ್ಕಳಿಂದೆಲ್ಲ ಹಣ ಕೂಡಿಸಿ 1958ರ ಮೇ 5ರಂದು ಅಲ್ಲಿನ ಶಾಂತಿ ಉದ್ಯಾನದಲ್ಲಿ ಮಕ್ಕಳ ಸ್ಮಾರಕ ನಿಲ್ಲಿಸಿದರು. ಇವತ್ತಿಗೂ ಲೋಕದ ಎಲ್ಲ ಕಡೆಯ ಮಕ್ಕಳು ಮಡಿಸಿದ ಕೊಕ್ಕರೆಗಳ ಸರಗಳು ಅಲ್ಲಿಗೆ ಬರುತ್ತವೆ. ಗಾಜಿನ ಗೂಡುಗಳಲ್ಲಿ ಅವನ್ನು ತೂಗುಹಾಕುತ್ತಾರೆ.

ಹಾಗಾಗಿ ಹಿರೋಶಿಮಾ ಪಟ್ಟಿಯಲ್ಲಿ ಮೊದಲು ಬಂತು. ಕಂಪನಿಯ ಕಾಗದದಲ್ಲಿ ಅದಕ್ಕೆ ಕೊಟ್ಟಿದ್ದು ಎರಡು ಗಂಟೆ.

ಟೋಕಿಯೊ ಬಂದದ್ದು ಮೊಮ್ಮಗಳಿಂದ. ಅವಳು ನಮ್ಮ ಜೊತೆ ಬರುತ್ತಿಲ್ಲ, ಪರೀಕ್ಷೆ. ಆದರೂ ಅವಳಿಗೊಂದು ಬೇಡಿಕೆ: "ಕನ್ನಡ ಗೊತ್ತಿದ್ದ ಆನೆಯ ಊರು ನೋಡ್ಕೊಂಡು ಬನ್ನಿ." ಈ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಟೋಕಿಯೊದ ಉಎನೊ ಮೃಗಾಲಯ 1882ರಷ್ಟು ಹಳೆಯದು. ಯುದ್ಧಕಾಲದಲ್ಲಿ, ಬಾಂಬು ಬಿದ್ದು ಪ್ರಾಣಿಗಳು ತಪ್ಪಿಸಿಕೊಂಡರೆ ಅಪಾಯವೆಂದು 1943ರಲ್ಲಿ ಅವನ್ನು ಕೊಲ್ಲಲು ಆಜ್ಞೆಯಾಯಿತು. ಮೂರು ಆನೆಗಳು ಅನ್ನವಿಲ್ಲದೆ ಸತ್ತವು. ಯುದ್ಧ ಮುಗಿದ ಮೇಲೆ ಆನೆಯನ್ನೇ ಕಾಣದ ಮಕ್ಕಳು ನಮ್ಮ ಪ್ರಧಾನಿ ನೆಹರೂ ಅವರಿಗೆ ರಾಶಿ ರಾಶಿ ಕಾಗದ ಬರೆದು ಒಂದು ಆನೆ ಕೇಳಿದರು. 1949ರ ಸೆಪ್ಟೆಂಬರಿನಲ್ಲಿ ಆನೆ ಬಂತು. ನೆಹರೂ ತಮ್ಮ ಮಗಳ ಹೆಸರನ್ನೇ ಇಟ್ಟು ಇಂದಿರಾ ಎಂದು ಕರೆದಿದ್ದರು. ಅದು ಮೈಸೂರು ಸೀಮೆಯ ಆನೆ. ಕೂರು, ಏಳು ಎಂಬುದೆಲ್ಲ ಅದಕ್ಕೆ ತಿಳಿಯುತ್ತಿದ್ದುದು ಕನ್ನಡದಲ್ಲಿ, ಹಾಗಾಗಿ ಅಲ್ಲಿಯ ಕಾವಲುಗಾರರು ನಮ್ಮ ಮಾವುತರಿಂದ ಆ ಮಾತುಗಳನ್ನು ಕಲಿಯಬೇಕಾಯಿತು! ಇಂದಿರಾ 1983ರವರೆಗೂ ಬಾಳಿತು. ಈಗ ಅಲ್ಲಿ ಬೇರೆ ಆನೆಗಳಿವೆ. ಇರಲಿ, ನಮ್ಮೂರಿನ ಹೆಣ್ಣುಮಗಳು ಬಾಳಿದ ಮನೆ ನೋಡಿ ಬಂದ ಹಾಗೆ.

ನನ್ನ ಅಂಕಣದಲ್ಲಿ ಇದ್ದದ್ದು ಹೊಕ್ಕೈಡೊ. ಉತ್ತರದ ಆ ದ್ವೀಪಕ್ಕೆ ಸಮುದ್ರದ ಅಡಿಯಲ್ಲಿ ರೈಲು ಹೋಗುತ್ತದೆ. ಸೈಕಾನ್ ಸುರಂಗ, ಸುಮಾರು 54 ಕಿಲೋಮೀಟರು, 1988ರಲ್ಲಿ ತೆರೆದದ್ದು. ಮೂವತ್ತು ವರ್ಷದಿಂದ ಅದರಲ್ಲಿ ಹೋಗುವ ಆಸೆ ನನಗೆ. ಆದರೆ ಟೋಕಿಯೊದಿಂದ ಅಲ್ಲಿಗೆ ಬುಲೆಟ್ ರೈಲಿನಲ್ಲೇ ನಾಲ್ಕು ಗಂಟೆ, ಹಿರೋಶಿಮಾ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ನನ್ನಾಕೆ ಕೇಳಿದಳು: "ರೀ, ಸುರಂಗದೊಳಗೆ ಕತ್ತಲೆ ತಾನೇ? ಕತ್ತಲೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ರೈಲ್ವೆಯವನಿಗೆ ಇಂಥ ಪ್ರಶ್ನೆ ಕೇಳಬಾರದು. ಎರಡು ದಿನ ನಾನು ಆ ನೋಟುಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ನಾನೇ ಹೊಕ್ಕೈಡೊ ಹೊಡೆದುಹಾಕಿದೆ. ಅದರ ಬದಲಿಗೆ ಮೊಮ್ಮಗಳು ಕ್ಯೋಟೊದ ರೈಲ್ವೆ ಮ್ಯೂಸಿಯಂ ಹುಡುಕಿಕೊಟ್ಟಳು. 2016ರಲ್ಲಿ ತೆರೆದ ಇದರಲ್ಲಿ ಮೊದಮೊದಲ ಬುಲೆಟ್ ರೈಲಿನ ಡಬ್ಬಿಗಳಿವೆ. 1914ರಲ್ಲಿ ಕಟ್ಟಿದ, ಬೀಸಣಿಗೆಯ ಹಾಗೆ ಹರಡಿಕೊಂಡ ಉಗಿ ಎಂಜಿನ್ ಮನೆಯೂ ಇದೆ. ಒಂದು ಇಡೀ ದಿನ ಅದಕ್ಕೆ ಮೀಸಲೆಂದು ಬರೆಸಿಕೊಂಡಿದ್ದೇನೆ.

ಕ್ಯೋಟೊಗೆ ಕಾರಣಗಳು ಇನ್ನೂ ಇದ್ದವು. ಅಲ್ಲಿ ಗುಡಿಗಳು ಲೆಕ್ಕವಿಲ್ಲದಷ್ಟು, ಆದರೆ ಹಲವಕ್ಕೆ ಬೆಟ್ಟ ಹತ್ತಬೇಕು. ಸಾಲಾಗಿ ಕೆಂಪು ಕಮಾನುಗಳಿರುವ ಫುಶಿಮಿ ಇನಾರಿಯನ್ನು ಬುಡದಲ್ಲಿ ನಿಂತು ನೋಡಿದರೆ ಸಾಕೆಂದು ತೀರ್ಮಾನಿಸಿದೆವು. ಬದಲಿಗೆ ಸಂಜುಸಂಗೆಂಡೊ. ಸುಮಾರು 120 ಮೀಟರ್ ಉದ್ದದ ಮರದ ಪಡಸಾಲೆ, ಒಳಗೆ ಕರುಣೆಯ ದೇವತೆ ಕನ್ನೊನ್‌ನ 1001 ಪ್ರತಿಮೆಗಳು. ಅವುಗಳನ್ನು ಕಾಯಲು ನಿಂತ 28 ಜನರಲ್ಲಿ ನಮ್ಮ ಗರುಡನೂ ಇದ್ದಾನೆ. ಅಲ್ಲಿ ಅವನ ಹೆಸರು ಕರುರ, ಕೈಯಲ್ಲಿ ಕೊಳಲು! ಬೌದ್ಧಧರ್ಮದ ಜೊತೆ ನಡೆದು ಹೋದ ದೇವರುಗಳು ಇವರೆಲ್ಲ. ಒಳಗೆ ಚಪ್ಪಲಿ ಬಿಡಬೇಕು, ಆದ್ದರಿಂದ ಲೇಸ್ ಕಟ್ಟುವ ಬೂಟು ಬೇಡ. ಮೊಣಕಾಲಿಗೆ ಬಾಗುವ ಕಷ್ಟ ಅದರಿಂದ ತಪ್ಪುತ್ತದೆ.

ನಾರಾ ಊರು ಕ್ಯೋಟೊದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಹಾಗಾಗಿ ಅಲ್ಲಿ ರಾತ್ರಿ ತಂಗುವ ಅಗತ್ಯವಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುವುದು. ಅಲ್ಲಿಯ ತೊದಾಯ್‌ಜಿ ಗುಡಿಯಲ್ಲಿ 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಆ ಬುದ್ಧನಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಬೋಧಿಸೇನ ಎಂಬ ಭಾರತದ ಭಿಕ್ಷು. ಹೊರಗೆ ಬೀದಿಯಲ್ಲೆಲ್ಲ ಜಿಂಕೆಗಳು. ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವಂತೆ.

ಕೊನೆಗೆ ಉಳಿದದ್ದು: ಟೋಕಿಯೊ ನಾಲ್ಕು ರಾತ್ರಿ, ಕ್ಯೋಟೊ ನಾಲ್ಕು ರಾತ್ರಿ, ಹಿರೋಶಿಮಾ ಎರಡು ರಾತ್ರಿ. ಪೆಟ್ಟಿಗೆ ಕಟ್ಟುವುದು ಮೂರೇ ಸಲ.

ಇನ್ನು ಟಿಕೆಟ್ಟು. ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ಹೋಗಿ ಬರುವ ಟಿಕೆಟ್ಟು ತೆಗೆದರೆ ಕೊನೆಯಲ್ಲಿ ಹಿರೋಶಿಮಾದಿಂದ ಮತ್ತೆ ನಾಲ್ಕು ಗಂಟೆ ರೈಲಿನಲ್ಲಿ ಹಿಂದಕ್ಕೆ ಬರಬೇಕು. ಅದಕ್ಕೇ ಟೋಕಿಯೊದಲ್ಲಿ ಇಳಿದು ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಹಾರುವ ಟಿಕೆಟ್ಟು. ವಿಮಾನದ ಟಿಕೆಟ್ಟು ಹುಡುಕುವಾಗ 'ಮಲ್ಟಿ ಸಿಟಿ' ಎಂಬ ಗುಂಡಿ ಕಾಣುತ್ತದಲ್ಲ, ಅದೇ ಇದು. ಬರುವಾಗ ನಡುವೆ ಒಂದು ಕಡೆ ವಿಮಾನ ಬದಲಿಸಬೇಕು, ಆದರೆ ಹೋದ ದಾರಿಯಲ್ಲೇ ವಾಪಸು ನಡೆಯುವ ಕೆಲಸವಿಲ್ಲ. ರಾತ್ರಿಯ ವಿಮಾನ, ಹಿರೋಶಿಮಾ ಬಿಡುವುದು ಬೆಳಿಗ್ಗೆಯೇ. ಸ್ಟೇಷನ್ ಮಾಸ್ಟರ್ ಬುದ್ಧಿ, ಎರಡು ರೈಲು ತಪ್ಪಿದರೂ ಮೂರನೆಯದು ಇರಬೇಕು.

ಮಕ್ಕಳೇ, ಈಗ ಒಂದು ಲೆಕ್ಕ. ವಿದೇಶಿಯರಿಗೆಂದೇ ಜಪಾನಿನಲ್ಲಿ ರೈಲ್ ಪಾಸ್ ಸಿಗುತ್ತದೆ. ಏಳು ದಿನದ ಪಾಸು 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ 50,000 ಯೆನ್ ಆಯಿತು. ಹೋಗಿಬಂದವರೆಲ್ಲ ನಮಗೆ "ಪಾಸ್ ತಗೊಳ್ಳಿ" ಎಂದೇ ಹೇಳಿದರು. ಮೊಮ್ಮಗಳು ಬಿಡಿ ಟಿಕೆಟ್ಟಿನ ದರ ಬರೆದುಕೊಂಡಳು. ಟೋಕಿಯೊದಿಂದ ಕ್ಯೋಟೊಗೆ ಸುಮಾರು 14,000, ಅಲ್ಲಿಂದ ಹಿರೋಶಿಮಾಗೆ 11,500, ಅಲ್ಲಿಂದ ಶಿನ್-ಒಸಾಕಾಗೆ 10,700. ಕೂಡಿಸಿ ನೋಡಿ, ಇಬ್ಬರಿಗೂ ಸೇರಿ ಪಾಸಿಗಿಂತ ಎಷ್ಟು ಉಳಿಯಿತು? 27,600 ಯೆನ್. ಅಷ್ಟಕ್ಕೆ ಕ್ಯೋಟೊದಲ್ಲಿ ಸಾಕಷ್ಟು ಸಲ ಟ್ಯಾಕ್ಸಿ ಹತ್ತಬಹುದು. ಮೊಣಕಾಲಿಗೆ ಪಾಸಿಗಿಂತ ಟ್ಯಾಕ್ಸಿಯೇ ಒಳ್ಳೆಯದು.

ಟೋಕಿಯೊದಿಂದ ಕ್ಯೋಟೊಗೆ ಸುಮಾರು 475 ಕಿಲೋಮೀಟರು, ಅತಿವೇಗದ ನೊಜೊಮಿ ರೈಲಿನಲ್ಲಿ ಎರಡೂಕಾಲು ಗಂಟೆ. ಈ ಮಾರ್ಗ ತೆರೆದದ್ದು 1964ರ ಅಕ್ಟೋಬರ್ 1ರಂದು, ಟೋಕಿಯೊ ಒಲಿಂಪಿಕ್ಸಿಗೆ ಒಂಬತ್ತು ದಿನ ಮುಂಚೆ. ಸಾಲಿನಲ್ಲಿ ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಎರಡರ ಕಡೆಯವು 'ಡಿ' ಮತ್ತು 'ಇ'. ಇಬ್ಬರೇ ಹೋಗುವವರು ಅವನ್ನೇ ಕೇಳಬೇಕು, ಏಕೆಂದರೆ ಟೋಕಿಯೊ ಬಿಟ್ಟ ಮುಕ್ಕಾಲು ಗಂಟೆಗೆ ಮೋಡವಿಲ್ಲದಿದ್ದರೆ ಬಲಗಡೆಯ ಕಿಟಕಿಯಲ್ಲಿ ಫ್ಯೂಜಿ ಪರ್ವತ ಕಾಣುತ್ತದೆ. ಕಿಟಕಿ ಯಾರಿಗೆ ಎಂಬ ತಕರಾರು ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಪೆಟ್ಟಿಗೆಯ ಉದ್ದ, ಅಗಲ, ದಪ್ಪ ಕೂಡಿಸಿ 160 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಆ ರೈಲಿನಲ್ಲಿ ಅದಕ್ಕೆ ಜಾಗ ಮೊದಲೇ ಕಾದಿರಿಸಬೇಕು. ನಮ್ಮದನ್ನು ಟೇಪು ಹಿಡಿದು ಅಳೆದೆವು: 143. ಆದರೂ ಅದನ್ನು ನಾವು ಎತ್ತುವುದಿಲ್ಲ. ಜಪಾನಿನಲ್ಲಿ ತಕ್ಕ್ಯೂಬಿನ್ ಎಂಬ ವ್ಯವಸ್ಥೆ ಇದೆ. ಇವತ್ತು ಹೋಟೆಲಿನಲ್ಲಿ ಪೆಟ್ಟಿಗೆ ಒಪ್ಪಿಸಿದರೆ ಸಾಮಾನ್ಯವಾಗಿ ನಾಳೆ ಮುಂದಿನ ಊರಿನ ಹೋಟೆಲಿಗೆ ತಲುಪುತ್ತದೆ. ಅದರ ದೊಡ್ಡ ಕಂಪನಿಯೊಂದರ ಗುರುತು ಏನು ಗೊತ್ತೇ? ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಕರಿಬೆಕ್ಕು! ನಮ್ಮ ಕೈಯಲ್ಲಿ ಒಂದು ರಾತ್ರಿಯ ಬಟ್ಟೆ ಮತ್ತು ಮಾತ್ರೆಗಳ ಚೀಲ ಇದ್ದರಾಯಿತು.

ಮಾತ್ರೆ ಎಂದ ಕೂಡಲೇ ಹಿರಿಯರಿಗೆ ಒಂದು ಮಾತು. ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರೆಯನ್ನು ಡಾಕ್ಟರ ಚೀಟಿಯ ಜೊತೆ ಒಯ್ಯಬಹುದು, ಹೆಚ್ಚಿಗೆ ಬೇಕಿದ್ದರೆ ಮೊದಲೇ ಅಲ್ಲಿಯ ಸರ್ಕಾರದ ಅನುಮತಿ ಪಡೆಯಬೇಕು. ನಮ್ಮಲ್ಲಿ ಸಿಗುವ ಕೆಲವು ನೆಗಡಿ, ಕೆಮ್ಮಿನ ಔಷಧಗಳಲ್ಲಿ ಇರುವ ಸ್ಯೂಡೊಎಫೆಡ್ರಿನ್, ಕೊಡೀನ್ ಬಗ್ಗೆ ಅಲ್ಲಿ ಬಹಳ ಬಿಗಿ. ನಿಮ್ಮ ಡಾಕ್ಟರಿಗೆ ಪಟ್ಟಿ ತೋರಿಸಿಯೇ ಚೀಲಕ್ಕೆ ಹಾಕಿ. ಕೃತಕ ಮೊಣಕಾಲು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸದ್ದು ಮಾಡಬಹುದು, ಅದಕ್ಕೂ ಒಂದು ಪತ್ರವಿರಲಿ. ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಹೋಟೆಲಿನ ವಿಷಯದಲ್ಲಿ ನಾವು ಕೇಳಿದ್ದು ಎರಡೇ: ಲಿಫ್ಟ್, ಬೇರೆ ಬೇರೆ ಎರಡು ಮಂಚ. ಚಾಪೆಯ ಮೇಲೆ ಹಾಸಿಗೆ ಹಾಸುವ ಅಲ್ಲಿಯ ಹಳೆಯ ಛತ್ರಗಳು ಚೆಂದವೇ, ಆದರೆ ನೆಲದಿಂದ ಎಬ್ಬಿಸುವವರು ಯಾರು?

ಊಟಕ್ಕೆ ನನ್ನಾಕೆ ಹೆಚ್ಚು ಯೋಚಿಸಿದ್ದಾಳೆ. ನಾವು ಸಸ್ಯಾಹಾರಿಗಳು. ಅಲ್ಲಿ ತರಕಾರಿ ಸಾರು ಎಂದರೂ ಅದರ ತಿಳಿಗೆ ಒಣಮೀನು ಬಿದ್ದಿರುವುದುಂಟು. ಕ್ಯೋಟೊದಲ್ಲಿ ಬೌದ್ಧ ಭಿಕ್ಷುಗಳ ಶೋಜಿನ್ ಅಡುಗೆ ಸಿಗುತ್ತದೆ. ಮಾಂಸ, ಮೀನು ಇರುವುದಿಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದೊಡ್ಡ ಊರುಗಳಲ್ಲಿ ಭಾರತೀಯ ಹೋಟೆಲುಗಳೂ ಇವೆ. ಉಳಿದ ಹೊತ್ತಿಗೆ ಮನೆಯ ಚಕ್ಕುಲಿ, ಚಟ್ನಿಪುಡಿ. ತಾಜಾ ಹಣ್ಣು, ಕರಿಬೇವಿನ ಸೊಪ್ಪು ಮಾತ್ರ ವಿಮಾನ ಹತ್ತುವ ಹಾಗಿಲ್ಲ, ಅಲ್ಲಿ ತಡೆಯುತ್ತಾರೆ.

ಹೊರಡುವುದು ನವೆಂಬರ್ ಎರಡನೇ ವಾರ. ಚೆರ್ರಿ ಹೂವಿನ ಮಾರ್ಚ್-ಏಪ್ರಿಲಿನ ನೂಕುನುಗ್ಗಲು ಇರುವುದಿಲ್ಲ, ಬೇಸಿಗೆಯ ಬಿರುಗಾಳಿಗಳ ಕಾಲವೂ ಮುಗಿದಿರುತ್ತದೆ, ಮೇಪಲ್ ಎಲೆ ಕೆಂಪಾಗತೊಡಗುತ್ತದೆ. ವೀಸಾ ಅರ್ಜಿಯ ಜೊತೆ ದಿನಕ್ಕೊಂದು ಸಾಲಿನಂತೆ ಎಲ್ಲಿ ಇರುತ್ತೇವೆ, ಏನು ಮಾಡುತ್ತೇವೆ ಎಂದು ಬರೆದುಕೊಡಬೇಕು. ನಮ್ಮ ನೋಟುಪುಸ್ತಕದಿಂದ ನೇರವಾಗಿ ನಕಲು ಮಾಡಿದೆವು. ಮೂರು ದಿನಕ್ಕೊಮ್ಮೆ 'ವಿಶ್ರಾಂತಿ' ಎಂದು ಬರೆದದ್ದಕ್ಕೆ ಯಾರೂ ಆಕ್ಷೇಪಿಸಲಿಲ್ಲ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಒಂದು ಡಬ್ಬಿಯದು. ನನ್ನಾಕೆ ನಿವೃತ್ತಳಾದ ದಿನ ಅವಳ ತರಗತಿಯ ಮಕ್ಕಳು ನೋಟುಪುಸ್ತಕದ ಹಾಳೆಯಲ್ಲಿ ಮಡಿಸಿದ ಕೊಕ್ಕರೆಗಳ ಸರ ಕೊಟ್ಟಿದ್ದರು. ಇಷ್ಟು ವರ್ಷ ಬೀರುವಿನಲ್ಲಿತ್ತು. ಎಣಿಸಿದರೆ ಮುನ್ನೂರನಲವತ್ತು. "ಅಜ್ಜಿ, ಸಾವಿರ ಆಗೋಷ್ಟು ನಾನು ಮಡಿಸ್ಕೊಡ್ಲಾ?" ಎಂದು ಮೊಮ್ಮಗಳು ಕೇಳಿದಳು. "ಬೇಡ ಪುಟ್ಟಿ, ಅವರು ಕೊಟ್ಟಷ್ಟನ್ನೇ ಒಯ್ತೀನಿ. ನಿನ್ನದು ನೀನು ಬಂದಾಗ ತಗೊಂಡು ಹೋಗು" ಎಂದಳು. ಕೊಕ್ಕರೆಗಳು ಕರಿಬೆಕ್ಕಿನ ಪೆಟ್ಟಿಗೆಯಲ್ಲಿ ಹೋಗುವುದಿಲ್ಲ, ಅವಳ ಕೈಚೀಲದಲ್ಲೇ ಬರುತ್ತವೆ. ನಜ್ಜುಗುಜ್ಜಾಗದಂತೆ ಇಡಲು ಸರಿಹೊಂದಿದ್ದು ಚಕ್ಕುಲಿಯ ಸ್ಟೀಲ್ ಡಬ್ಬಿ ಒಂದೇ. ಚಕ್ಕುಲಿಗೆ ಬೇರೆ ಡಬ್ಬಿ ಹುಡುಕುತ್ತಿದ್ದೇವೆ.